ಕವಲುಗಳನ್ನು ಮರೆತ ಹೆದ್ದಾರಿ

2023ರ ಮಾರ್ಚ್ 12ರಂದು ಮಂಡ್ಯದಲ್ಲಿ ಪ್ರಧಾನಮಂತ್ರಿಗಳು ಬೆಂಗಳೂರು–ಮೈಸೂರು ದಶಪಥವನ್ನು ಲೋಕಾರ್ಪಣೆ ಮಾಡಿದರು. ಉದ್ದ 118 ಕಿಲೋಮೀಟರು, ವೆಚ್ಚ ಸುಮಾರು 8,480 ಕೋಟಿ ರೂಪಾಯಿ, ಮೂರು ಗಂಟೆಯ ಪಯಣ ಇನ್ನು 75 ನಿಮಿಷ. ಈ ಮೂರು ಅಂಕಿಗಳು ಅಂದಿನಿಂದ ಇಂದಿನವರೆಗೆ ವೇದಿಕೆಗಳ ಮೇಲೆ ಮಂತ್ರದಂತೆ ಪಠಿತವಾಗುತ್ತಿವೆ. ರಸ್ತೆಯನ್ನು ಮಾಡಿಸಿದವರು ಯಾರು, ಹಣ ತಂದವರು ಯಾರು ಎಂದು ರಾಜಕೀಯ ಪಕ್ಷಗಳು ಜಗಳವಾಡಿದವು. ಅದಕ್ಕೆ ಕಾವೇರಿಯ ಹೆಸರಿಡಬೇಕೋ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಡಬೇಕೋ ಎಂಬ ಚರ್ಚೆಯೂ ನಡೆಯಿತು. ಈ ಎಲ್ಲ ಗದ್ದಲದ ನಡುವೆ ಆ ರಸ್ತೆಗೆ ಅದಾಗಲೇ ಒಂದು ಹೆಸರಿತ್ತು, ಒಂದು ಸಂಖ್ಯೆಯಿತ್ತು, ಅದರ ಮೈಯಿಂದ ಹೊರಟ ಹತ್ತಾರು ಕವಲುಗಳಿದ್ದವು ಎಂಬ ಮಾತನ್ನು ಎತ್ತಿದವರು ವಿರಳ. ಹೊಸ ಡಾಂಬರು ಒಣಗಿದ ದಿನವೇ ರಸ್ತೆಯ ಚರಿತ್ರೆಯೂ ಹುಟ್ಟಿತೆಂದು ನಂಬಿಸುವ ಈ ಪರಿಪಾಠ ಅಜ್ಞಾನದ ಫಲವಷ್ಟೇ ಅಲ್ಲ. ಅದರಿಂದ ಕೆಲವರಿಗೆ ಅನುಕೂಲವಿದೆ. ಚರಿತ್ರೆಯಿಲ್ಲದ ರಸ್ತೆಗೆ ಋಣವೂ ಇರುವುದಿಲ್ಲ.

ಮೊದಲು ಸಂಖ್ಯೆಯ ಮಾತು. ಬೆಂಗಳೂರಿನಿಂದ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳ ಮೂಲಕ ಮೈಸೂರಿಗೆ ಹೋಗುತ್ತಿದ್ದ ದಾರಿ ರಾಜ್ಯ ಹೆದ್ದಾರಿ 17. ಈ ಶತಮಾನದ ಮೊದಲ ದಶಕದಲ್ಲಿ ಕರ್ನಾಟಕ ರಸ್ತೆ ಅಭಿವೃದ್ಧಿ ನಿಗಮ ಅದನ್ನು ಚತುಷ್ಪಥವಾಗಿಸಿತು. ಮೈಸೂರಿನಿಂದ ಹುಣಸೂರು, ಕುಶಾಲನಗರ, ಮಡಿಕೇರಿ, ಸುಳ್ಯ, ಪುತ್ತೂರುಗಳನ್ನು ಹಾದು ಬಂಟ್ವಾಳ ಸೇರುತ್ತಿದ್ದ ದಾರಿ ರಾಜ್ಯ ಹೆದ್ದಾರಿ 88. ಮುಂದೆ ಇವೆರಡನ್ನೂ ಹೊಲಿದು ರಾಷ್ಟ್ರೀಯ ಹೆದ್ದಾರಿ 275 ಎಂದು ಕರೆಯಲಾಯಿತು. ಶ್ರೀರಂಗಪಟ್ಟಣದಿಂದ ಬಡಗಲಿಗೆ ನಾಗಮಂಗಲ, ಹಿರಿಯೂರು, ಬಳ್ಳಾರಿಗಳ ದಿಕ್ಕಿನಲ್ಲಿ ಜೇವರ್ಗಿಯವರೆಗೆ ಸಾಗುತ್ತಿದ್ದ ರಾಜ್ಯ ಹೆದ್ದಾರಿ 19 ಈಗ ರಾಷ್ಟ್ರೀಯ ಹೆದ್ದಾರಿ 150ಎ. ಅದರ ತೆಂಕಣ ತುದಿಯನ್ನು ಮೈಸೂರು, ನಂಜನಗೂಡುಗಳ ಮೂಲಕ ಚಾಮರಾಜನಗರಕ್ಕೆ ಎಳೆಯಲಾಗಿದೆ.

2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟ ಪದ್ಧತಿಯಲ್ಲಿ ಮೂರಂಕಿಯ ಸಂಖ್ಯೆಯೆಂದರೆ ಕವಲು. ಕೊನೆಯ ಎರಡು ಅಂಕಿಗಳು ತಾಯಿರಸ್ತೆಯನ್ನು ಹೇಳುತ್ತವೆ, ಮೊದಲ ಅಂಕಿ ಅದು ಎಷ್ಟನೆಯ ಕವಲು ಎಂಬುದನ್ನು ಸೂಚಿಸುತ್ತದೆ. ಆ ಲೆಕ್ಕದಂತೆ 275 ಎಂಬುದು ಹಾಸನದ ಮೇಲೆ ಹಾದುಹೋಗುವ 75ರ ಒಂದು ಕವಲು. 150ಎ ಎಂಬುದು ಕಲಬುರಗಿ, ವಿಜಯಪುರಗಳ ಕಡೆಯ 50ರ ಕವಲು. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಕೋಳಿಕ್ಕೋಡಿಗೆ ಇಳಿಯುವ 766 ಕರಾವಳಿಯ 66ರ ಕವಲು. ನೂರಾರು ವರ್ಷ ಒಂದು ರಾಜ್ಯದ ರಸ್ತೆಗಳೆಲ್ಲ ಹೊರಟ ನಡುಬಿಂದುವಾಗಿದ್ದ ಶ್ರೀರಂಗಪಟ್ಟಣ–ಮೈಸೂರುಗಳು ಈಗಿನ ಸಂಖ್ಯಾಶಾಸ್ತ್ರದಲ್ಲಿ ಯಾವ ದಾರಿಗೂ ತಾಯಿಯಲ್ಲ, ಎಲ್ಲ ದಾರಿಗಳ ಬಾಲ. ಸಂಖ್ಯೆ ಎಂಜಿನಿಯರುಗಳ ಅನುಕೂಲಕ್ಕೆ ಇರುವಂಥದು, ಅದರಲ್ಲಿ ಮಾನಾಪಮಾನ ಹುಡುಕಬಾರದು ಎನ್ನುವವರಿದ್ದಾರೆ. ಮಾನಾಪಮಾನ ಬದಿಗಿರಲಿ. ಸರ್ಕಾರದ ಕಡತದಲ್ಲಿ ಸಂಖ್ಯೆಯೆಂದರೆ ವಿಳಾಸ. ಗುಂಡಿ ಮುಚ್ಚುವವರು ಯಾರು, ಫಲಕ ನೆಡುವವರು ಯಾರು, ಪಕ್ಕದ ಹಳ್ಳಿಯವನು ಅರ್ಜಿಯನ್ನು ಯಾವ ಕಚೇರಿಗೆ ಒಯ್ಯಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ. ಹದಿನೇಳು ಅಳಿಸಿದಾಗ ಊರುಗಳ ಒಳಗೆ ಉಳಿದ ಹಳೆಯ ರಸ್ತೆಯ ತುಂಡುಗಳಿಗೆ ವಾರಸುದಾರರು ಯಾರೆಂಬ ಪ್ರಶ್ನೆ ಬಿಡದಿಯಿಂದ ಶ್ರೀರಂಗಪಟ್ಟಣದವರೆಗೆ ಪ್ರತಿ ಬೈಪಾಸಿನ ಬಾಯಲ್ಲಿಯೂ ನಿಂತಿದೆ.

ಹೆದ್ದಾರಿ ಎಂಬ ಮಾತು ಕನ್ನಡಕ್ಕೆ ಹೊಸತಲ್ಲ. ಹಿರಿದಾದ ದಾರಿಯೇ ಹೆದ್ದಾರಿ. ದತ್ತಿಶಾಸನಗಳಲ್ಲಿ ಭೂಮಿಯ ಎಲ್ಲೆ ಹೇಳುವಾಗ ಕೆರೆ, ಹುಣಿಸೆಯ ಮರ, ನಟ್ಟ ಕಲ್ಲುಗಳ ಜೊತೆಗೆ ಬಟ್ಟೆ, ಹೆಬ್ಬಟ್ಟೆ, ಹೆದ್ದಾರಿಗಳೂ ಬರುತ್ತವೆ. ಬಸದಿಗೆ ಬಿಟ್ಟ ಗದ್ದೆ ಎಲ್ಲಿ ಮುಗಿಯುತ್ತದೆ ಎಂದು ತಿಳಿಯಬೇಕಾದರೆ ದಾರಿ ಎಲ್ಲಿದೆ ಎಂದು ತಿಳಿದಿರಬೇಕಿತ್ತು. ದಾರಿ ಊರಿನ ಅಂಗವಾಗಿತ್ತು, ಊರು ದಾರಿಗೆ ಗುರುತಾಗಿತ್ತು. ಈಗಿನ ದಶಪಥ ಬೇಲಿಯ ಒಳಗಿನದು. ಪಕ್ಕದ ಹಳ್ಳಿಯವನಿಗೆ ಅದು ಎಲ್ಲೆಗಲ್ಲಲ್ಲ, ಗೋಡೆ.

ಹಳೆಯ ದಾರಿಯ ಚರಿತ್ರೆಯನ್ನು ಹೇಳುವವರೂ ಸಾಮಾನ್ಯವಾಗಿ ಎರಡು ಪಂಗಡವಾಗಿ ನಿಲ್ಲುತ್ತಾರೆ. ಒಂದು ಪಂಗಡಕ್ಕೆ ಅದು ಟಿಪ್ಪುವಿನ ರಸ್ತೆ, ಇನ್ನೊಂದಕ್ಕೆ ಒಡೆಯರ ರಸ್ತೆ. ಎರಡೂ ಅರೆಸತ್ಯಗಳೇ. 1791ರ ಮೇ ತಿಂಗಳಿನಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೊರಟಾಗ ಚನ್ನಪಟ್ಟಣದ ದಾರಿ ನೇರವಾಗಿತ್ತು. ಶತ್ರುವಿಗೆ ಹುಲ್ಲುಕಡ್ಡಿಯೂ ಸಿಕ್ಕದಂತೆ ಟಿಪ್ಪು ಅದರ ಇಕ್ಕೆಲಗಳನ್ನು ಬರಿದುಮಾಡಿಸಿದ್ದ. ಆಂಗ್ಲ ಸೇನೆ ಕಾನಕಾನಹಳ್ಳಿಯ, ಎಂದರೆ ಇಂದಿನ ಕನಕಪುರದ ದಾರಿ ಹಿಡಿಯಿತು. ಅಲ್ಲಿಯೂ ಮೇವಿಲ್ಲದೆ ಎತ್ತುಗಳು ಸತ್ತವು. ಅರಕೆರೆಯ ಕಾಳಗದಲ್ಲಿ ಗೆದ್ದರೂ ಕಾರ್ನ್‌ವಾಲಿಸ್ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದಿರುಗಬೇಕಾಯಿತು. 1799ರಲ್ಲಿ ಹ್ಯಾರಿಸ್ ಬಂದದ್ದೂ ಕಾನಕಾನಹಳ್ಳಿ, ಮಳವಳ್ಳಿಗಳ ಮೇಲೆಯೇ. ದೊಡ್ಡ ದಾರಿ ಮುಚ್ಚಿದಾಗ ಪಕ್ಕದ ದಾರಿಯೇ ರಾಜ್ಯದ ಹಣೆಬರಹವನ್ನು ನಿರ್ಧರಿಸಿತು. ಕವಲು ಎಂದು ಕಡೆಗಣಿಸುವವರು ಇದನ್ನೊಮ್ಮೆ ನೆನೆಯಬಹುದು.

ಯುದ್ಧ ಮುಗಿದ ಮರುವರ್ಷ, 1800ರಲ್ಲಿ, ದಿವಾನ್ ಪೂರ್ಣಯ್ಯ ಕಾಡಿನ ನಡುವಿನ ಹಾದಿ ನಿರ್ಭಯವಾಗಲೆಂದು ಒಂದು ಪೇಟೆಯನ್ನು ನೆಲೆಗೊಳಿಸಿದ. ಹೆಸರಿಟ್ಟದ್ದು ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನದು. ಕ್ಲೋಸ್‌ಪೇಟೆ ಮುಂದೆ ರಾಮನಗರವಾಯಿತು. ಆದರೆ ಭೂವಿಜ್ಞಾನಿಗಳ ಪುಸ್ತಕದಲ್ಲಿ ಅಲ್ಲಿನ ಬಂಡೆ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್. ಶ್ರೀರಂಗಪಟ್ಟಣದಲ್ಲಿ 1802ರಿಂದ 1804ರ ಅವಧಿಯಲ್ಲಿ ಇದೇ ಪೂರ್ಣಯ್ಯ ಕಲ್ಲಿನ ಕಂಬಗಳ ಮೇಲೆ ಕಾವೇರಿಗೆ ಸೇತುವೆ ಕಟ್ಟಿಸಿ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಅಂಟಿಸಿದ. ದುಡ್ಡು ಮೈಸೂರಿನದು, ಬೆವರು ಮೈಸೂರಿನದು, ಹೆಸರು ಮಾತ್ರ ಕಲ್ಕತ್ತೆಯಲ್ಲಿ ಕುಳಿತವನದು. ರಸ್ತೆಗೆ ಹೆಸರಿಡುವ ಇಂದಿನ ಉತ್ಸಾಹಿಗಳಿಗೆ ಪೂರ್ಣಯ್ಯ ಗುರುಸ್ಥಾನದಲ್ಲಿದ್ದಾನೆ. ಒಂದು ವ್ಯತ್ಯಾಸವಿದೆ. ಅವನು ಹೆಸರಿಟ್ಟ ಸೇತುವೆ ಇನ್ನೂರು ವರ್ಷ ಕಳೆದರೂ ನಿಂತಿದೆ. ದಶಪಥ ಪೂರ್ಣಗೊಳ್ಳುವ ಮೊದಲೇ, 2022ರ ಆಗಸ್ಟಿನ ಮಳೆಯಲ್ಲಿ, ರಾಮನಗರದ ಬಳಿ ಕೆರೆಯಾಗಿತ್ತು.

ಇಷ್ಟೆಲ್ಲ ಸೇನಾನಿಗಳ, ದಿವಾನರ ಕಥೆ. ಹದಿನೇಳನೆಯ ಹೆದ್ದಾರಿಯ ನಿಜವಾದ ಸಂಪತ್ತು ಇರುವುದು ಅದರ ಕವಲುಗಳಲ್ಲಿ, ಅದರಲ್ಲಿಯೂ ಜೈನರ ನೆಲೆಗಳಿಗೆ ಹೊರಳುವ ಕವಲುಗಳಲ್ಲಿ. ಜೈನನೊಬ್ಬನ ಕಣ್ಣಿಗೆ ಹೀಗೆ ಕಾಣುವುದು ಸಹಜ ಎಂದು ಯಾರಾದರೂ ನಗಬಹುದು. ನಗುವ ಮುನ್ನ ಒಂದೊಂದಾಗಿ ನೋಡಲಿ.

ಶ್ರೀರಂಗಪಟ್ಟಣದಿಂದ ಪಾಂಡವಪುರ, ಚಿನಕುರಳಿ, ಕೃಷ್ಣರಾಜಪೇಟೆ, ಕಿಕ್ಕೇರಿಗಳ ಮೂಲಕ ಶ್ರವಣಬೆಳಗೊಳಕ್ಕೆ ಹೋಗುವ ದಾರಿಯುಂಟು. 1610ರಲ್ಲಿ ಶ್ರೀರಂಗಪಟ್ಟಣ ಒಡೆಯರ ವಶವಾದ ಮೇಲೆ ಅರಮನೆಗೂ ಬೆಳಗೊಳಕ್ಕೂ ಇದ್ದ ನಂಟು ಸಾಗಿದ್ದು ಈ ದಿಕ್ಕಿನಲ್ಲಿ. ಬೆಳಗೊಳದ ದೇವರ ಭೂಮಿಗಳು ಸಾಲಗಾರರಲ್ಲಿ ಅಡವು ಬಿದ್ದಿದ್ದಾಗ ಚಾಮರಾಜ ಒಡೆಯರು ಅವನ್ನು ಬಿಡಿಸಿದ ಸಂಗತಿಯನ್ನು 1634ರ ಶಾಸನ ಹೇಳುತ್ತದೆ. ಚಿದಾನಂದ ಕವಿಯ ‘ಮುನಿವಂಶಾಭ್ಯುದಯ’ವೂ ಆ ಅರಸನ ಬೆಳಗೊಳದ ಭೇಟಿಯನ್ನು ಕಥಿಸುತ್ತದೆ. ಮುಂದೆ ಚಿಕ್ಕದೇವರಾಜನ ಮಂತ್ರಿಯಾಗಿದ್ದ ವಿಶಾಲಾಕ್ಷ ಪಂಡಿತ ಯಳಂದೂರಿನ ಜೈನ. ಒಂದು ರಾಜ್ಯದ ಮಂತ್ರಿಪದವಿಯೂ ಒಂದು ತೀರ್ಥದ ಉಳಿವೂ ಒಂದೇ ದಾರಿಯ ಎರಡು ತುದಿಗಳಲ್ಲಿದ್ದವು. ಈ ಕವಲನ್ನು ಸ್ಥಳೀಯ ರಸ್ತೆ ಎಂದು ಕರೆಯುವ ಎದೆಗಾರಿಕೆ ಇಂದಿನ ಯೋಜನಾಪತ್ರಗಳಿಗಷ್ಟೇ ಉಂಟು.

ಅದೇ ಬಡಗಣ ಕವಲಿನಲ್ಲಿ, ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆಯ ಸಮೀಪ, ಕಂಬದಹಳ್ಳಿಯಿದೆ. ಊರಿಗೆ ಹೆಸರು ಬಂದದ್ದು ಅಲ್ಲಿನ ಬ್ರಹ್ಮದೇವರ ಕಂಬದಿಂದ. ಗಂಗರ ಕಾಲದ ಪಂಚಕೂಟ ಬಸದಿಯ ಕಲ್ಲುಗೆಲಸವನ್ನು ಬೆಳಗೊಳದ ಚಾವುಂಡರಾಯ ಬಸದಿಯ ಪಕ್ಕದಲ್ಲಿಟ್ಟು ನೋಡದೆ ಕರ್ನಾಟಕದ ದ್ರಾವಿಡ ಶೈಲಿಯ ಬೆಳವಣಿಗೆಯನ್ನು ಯಾರೂ ಹೇಳಲಾರರು.

ಮದ್ದೂರು ತಾಲ್ಲೂಕಿನಲ್ಲಿ ಅರೆತಿಪ್ಪೂರು ಇದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ತಳಕಾಡನ್ನು ಚೋಳರಿಂದ ಬಿಡಿಸಿದಾಗ ಅರಸ ಮೆಚ್ಚಿ ಬೇಕಾದುದನ್ನು ಕೇಳು ಎಂದನೆಂದೂ, ಅವನು ತನಗೆಂದು ಏನನ್ನೂ ಬಯಸದೆ ತಿಪ್ಪೂರನ್ನು ಬೇಡಿ ಮೇಘಚಂದ್ರ ಸಿದ್ಧಾಂತದೇವರಿಗೆ ಬಿಟ್ಟನೆಂದೂ 1117ರ ಶಾಸನದಿಂದ ತಿಳಿಯುತ್ತದೆ. ಕನ್ನಡ ನಾಡಿನ ಚರಿತ್ರೆಯ ಒಂದು ದೊಡ್ಡ ತಿರುವಿಗೆ, ಕಾವೇರಿಯ ಬಯಲಿನಿಂದ ಚೋಳರ ನಿರ್ಗಮನಕ್ಕೆ, ನಿಂತ ಸಾಕ್ಷಿಯಿದು. ಅಲ್ಲಿನ ಗುಡ್ಡದ ಮೇಲೆ ಬಂಡೆಯಲ್ಲಿ ಕಡೆದ ಬಾಹುಬಲಿ ಗಾಳಿಮಳೆಗೆ ಒಡ್ಡಿಕೊಂಡು ನಿಂತಿದ್ದಾನೆ. ಸುತ್ತ ಕೆಡೆದ ಬಸದಿಗಳ ಇಟ್ಟಿಗೆ, ಕಲ್ಲುಗಳಿವೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವನಿಗೆ ತಳಕಾಡಿನ ಮರಳೂ ಗೊತ್ತು, ಕೊಕ್ಕರೆ ಬೆಳ್ಳೂರಿನ ಹಕ್ಕಿಗಳೂ ಗೊತ್ತು, ತಿಪ್ಪೂರು ಗೊತ್ತಿಲ್ಲ. ಗೊತ್ತಾಗುವ ಅವಕಾಶ ಮೊದಲೇ ಕಡಿಮೆಯಿತ್ತು. ಮದ್ದೂರಿನ ನೆತ್ತಿಯ ಮೇಲಿನ ಮೇಲ್ಸೇತುವೆಯಲ್ಲಿ ಹಾರಿಹೋಗುವವನಿಗೆ ಅದೂ ಇಲ್ಲವಾಯಿತು.

ಮೈಸೂರಿನಾಚೆ ಹಳೆಯ 88ರ ಮೇಲೆ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿ ಸಿಕ್ಕುತ್ತದೆ. ಸುಮಾರು 18 ಅಡಿಯ ಬಾಹುಬಲಿ ಬೋಳುಬಂಡೆಯ ನೆತ್ತಿಯಲ್ಲಿದ್ದಾನೆ. ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮೈಸೂರಿನವರು ಅದನ್ನು ಬಲ್ಲರು, ಅಲ್ಲಿ ವರ್ಷವರ್ಷವೂ ಅಭಿಷೇಕ ನಡೆಯುತ್ತದೆ.

ಮಲೆಯೂರಿನ ವಿಷಯ ಹಾಗಲ್ಲ. ಚಾಮರಾಜನಗರ ತಾಲ್ಲೂಕಿನ ಈ ಕನಕಗಿರಿ ಪೂಜ್ಯಪಾದರ ಹೆಸರಿನೊಡನೆ ಬೆಸೆದ ಕ್ಷೇತ್ರ. 1799ರ ಪತನಾನಂತರ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯ ಮೋಜಣಿಗೆ ಬಂದಾಗ ಅವನಿಗೆ ದಾರಿ ಅಳೆಯುವ ಸರಪಳಿಯ ಅಗತ್ಯ ಎಷ್ಟಿತ್ತೋ ಹಳಗನ್ನಡ ಶಾಸನ ಓದಬಲ್ಲವರ ಅಗತ್ಯವೂ ಅಷ್ಟೇ ಇತ್ತು. ಅದು ದೊರೆತದ್ದು ಮಲೆಯೂರಿನಲ್ಲಿ. ಅಲ್ಲಿನ ಜೈನ ಪಂಡಿತ ಧರ್ಮಯ್ಯ ಅವನ ಬಳಗದಲ್ಲಿ ಸೇರಿದ. ಕನಕಗಿರಿಯ ದೇವಚಂದ್ರ ಅವನಿಗೆ ಪುರಾತನ ಸಂಗತಿಗಳನ್ನು ಒದಗಿಸಿದ, ಮುಂದೆ ‘ರಾಜಾವಳಿ ಕಥೆ’ಯನ್ನು ಬರೆದು ಮುಗಿಸಿ ಮೈಸೂರಿನ ಅರಮನೆಗೆ ಒಪ್ಪಿಸಿದ. ದಕ್ಷಿಣ ಭಾರತದ ಚರಿತ್ರೆ ಬರೆಯಲು ವಿದ್ವಾಂಸರು ಇಂದಿಗೂ ತೆರೆಯುವ ಮೆಕೆಂಜಿ ಸಂಗ್ರಹದ ಹಿಂದೆ ಈ ಕವಲುದಾರಿಯಲ್ಲಿ ನಡೆದು ಬಂದವರ ಓಲೆಕಟ್ಟುಗಳಿವೆ. ದೇವಚಂದ್ರನ ಕಾಲಗಣನೆಯಲ್ಲಿ ತಪ್ಪುಗಳಿವೆ, ಪಕ್ಷಪಾತವೂ ಇದೆ. ಅವನ್ನು ಎತ್ತಿ ತೋರಿಸುವ ಕೆಲಸವನ್ನು ನಮ್ಮ ಸಂಶೋಧಕರು ಶ್ರದ್ಧೆಯಿಂದ ಮಾಡಿದ್ದಾರೆ. ಅವನು ಬರೆದಿರದಿದ್ದರೆ ಹತ್ತೊಂಬತ್ತನೆಯ ಶತಮಾನದ ಜೈನ ನೆನಪಿನ ಬಹುಭಾಗ ಮಣ್ಣುಪಾಲಾಗುತ್ತಿತ್ತು ಎಂಬ ಮಾತನ್ನು ಅಷ್ಟೇ ಶ್ರದ್ಧೆಯಿಂದ ಹೇಳಿದವರು ಕಡಿಮೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ಸರಳ: ಕವಲುಗಳು ಎಲ್ಲಿಯೂ ಹೋಗಿಲ್ಲ, ಇದ್ದಲ್ಲೇ ಇವೆ, ಬೇಕಾದವರು ಇಳಿದು ಹೋಗಲಿ. ಹೆದ್ದಾರಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯದವರ ಮಾತಿದು. ನಿಯಂತ್ರಿತ ಪ್ರವೇಶದ ರಸ್ತೆಯಲ್ಲಿ ಇಳಿಯುವ ಬಾಗಿಲುಗಳು ಎಣಿಕೆಯವು. ಒಂದು ತಪ್ಪಿದರೆ ಮುಂದಿನದು ಎಷ್ಟೋ ಕಿಲೋಮೀಟರು ದೂರ. ಬಾಗಿಲು ಎಲ್ಲಿರಬೇಕೆಂದು ನಿರ್ಧರಿಸುವುದು ಅಲ್ಲಿ ತಿರುಗುವ ವಾಹನಗಳ ಎಣಿಕೆ. ಜನ ಹೋಗುವುದಿಲ್ಲವಾದ್ದರಿಂದ ಬಾಗಿಲಿಲ್ಲ, ಬಾಗಿಲಿಲ್ಲವಾದ್ದರಿಂದ ಜನ ಹೋಗುವುದಿಲ್ಲ. ಹಳೆಯ ರಸ್ತೆಯಲ್ಲಿ ತಿಪ್ಪೂರಿನ ಹೆಸರನ್ನು ಕೇಳಿಲ್ಲದವನೂ ಮದ್ದೂರಿನಲ್ಲಿ ಕಾಫಿಗೆ ನಿಂತು, ಅಂಗಡಿಯವನ ಬಾಯಿಂದ ಕೇಳಿ, ಬಂಡಿ ತಿರುಗಿಸುವ ಸಂಭವವಿತ್ತು. ಅದೇ ಮದ್ದೂರಿನ ಮಗ್ಗುಲಿನ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧಾಜ್ಞೆ ಮುರಿದು ಧ್ವಜ ಹಾರಿಸಿದ ನೆಲವಿದೆ, ಸತ್ಯಾಗ್ರಹ ಸೌಧವಿದೆ. ಅದನ್ನು ನಿಂತು ನೋಡುವವರೂ ಹೀಗೆಯೇ ಕಡಿಮೆಯಾಗುತ್ತಾರೆ. ಆದ್ದರಿಂದ ಇದು ಜೈನರೊಬ್ಬರ ಅಳಲಲ್ಲ.

ತಟ್ಟೆ ಇಡ್ಲಿ, ಮದ್ದೂರು ವಡೆ, ಚನ್ನಪಟ್ಟಣದ ಬೊಂಬೆಗಳ ಅಂಗಡಿಗಳು ಸೊರಗಿದುವೆಂದು ಪತ್ರಿಕೆಗಳು ಬೇಕಾದಷ್ಟು ಬರೆದಿವೆ. ಆ ಸಂಕಟ ನಿಜ. ಆದರೆ ವಡೆಗೆ ಹೆಸರು ಬಂದದ್ದು ರಸ್ತೆಯಿಂದಲ್ಲ, ರೈಲು ನಿಲ್ದಾಣದಿಂದ. ವ್ಯಾಪಾರಿ ಹೊಸ ದಾರಿಯ ಅಂಚಿಗೆ ಅಂಗಡಿಯನ್ನು ಸಾಗಿಸಬಲ್ಲ. ಶಾಸನದ ಕಲ್ಲು, ಬಂಡೆಯ ಬಾಹುಬಲಿ ಸಾಗುವಂಥವಲ್ಲ.

ಎರಡನೆಯ ಆಕ್ಷೇಪ ಗಂಭೀರವಾದುದು. ತೆರೆದ ಕೆಲವೇ ತಿಂಗಳಲ್ಲಿ ಈ ರಸ್ತೆಯಲ್ಲಿ ಸತ್ತವರ ಎಣಿಕೆ ನೂರನ್ನು ದಾಟಿತು. 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳನ್ನೂ ಟ್ರ್ಯಾಕ್ಟರುಗಳನ್ನೂ ಎತ್ತಿನ ಗಾಡಿ ಮೊದಲಾದ ಯಂತ್ರರಹಿತ ವಾಹನಗಳನ್ನೂ ಮುಖ್ಯ ಪಥದಿಂದ ಹೊರಗಿಡಲಾಯಿತು. ಜೀವ ಉಳಿಸುವ ನಿಯಮವನ್ನು ವಿರೋಧಿಸುವುದು ಅಹಿಂಸೆಯನ್ನು ಪರಮಧರ್ಮವೆಂದವರಿಗೆ ಸಲ್ಲದು. ಪ್ರಶ್ನೆಯಿರುವುದು ಹೊರಗಿಟ್ಟವರನ್ನು ಎಲ್ಲಿಗೆ ಕಳಿಸಲಾಯಿತು ಎಂಬುದರಲ್ಲಿ. ಸರ್ವಿಸ್ ರಸ್ತೆಗೆ ಎಂದು ಉತ್ತರ. ಸೇತುವೆಯೋ ರೈಲುಹಳಿಯೋ ಬಂದಲ್ಲಿ ಆ ಸರ್ವಿಸ್ ರಸ್ತೆ ಕೆಲವೆಡೆ ತುಂಡಾಗುತ್ತದೆ. ಎದುರಿನಿಂದ ಬರುವ ಬೈಕು, ನಿಂತ ಲಾರಿ, ಅಂಗಡಿಯ ಚಪ್ಪರ ಎಲ್ಲವೂ ಅದರಲ್ಲಿಯೇ. ನಡೆಯುವವನಿಗೆ ಪ್ರತ್ಯೇಕ ಎಡೆಯಿಲ್ಲ.

ನಡೆಯುವವರು ಇನ್ನೂ ಇದ್ದಾರೆಯೇ ಎಂದು ಕೇಳುವವರು ಚಾತುರ್ಮಾಸ ಮುಗಿದ ಮೇಲೆ ಒಂದು ಮುಂಜಾನೆ ಈ ಹಾದಿಗಳಲ್ಲಿ ನಿಲ್ಲಬೇಕು. ದಿಗಂಬರ ಮುನಿಗಳೂ ಆರ್ಯಿಕೆಯರೂ ವಾಹನ ಏರುವುದಿಲ್ಲ. ಪಿಂಛಿ, ಕಮಂಡಲುಗಳನ್ನು ಹಿಡಿದು, ಬರಿಗಾಲಿನಲ್ಲಿ, ನಾಲ್ಕು ಮೊಳ ನೆಲವನ್ನು ಮುಂದೆ ನೋಡುತ್ತ, ಹುಳಹುಪ್ಪಟೆಯನ್ನೂ ತುಳಿಯದೆ ಹಗಲಿನಲ್ಲಿ ಮಾತ್ರ ನಡೆಯುವುದು ಅವರ ಈರ್ಯಾಸಮಿತಿ. ಮಲೆಯೂರಿನಿಂದ, ಗೊಮ್ಮಟಗಿರಿಯಿಂದ ಬೆಳಗೊಳಕ್ಕೆ ವಿಹಾರ ಹೊರಟವರು ಶ್ರೀರಂಗಪಟ್ಟಣದ ಆಸುಪಾಸಿನಲ್ಲಿ ಈ ಹೆದ್ದಾರಿಯನ್ನು ಸಂಧಿಸಲೇಬೇಕು. ವಿಹಾರದಲ್ಲಿದ್ದ ಸಾಧುಸಾಧ್ವಿಯರು ಹೆದ್ದಾರಿಗಳಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಸುದ್ದಿ ದೇಶದ ನಾನಾ ಭಾಗಗಳಿಂದ ಬರುತ್ತಲೇ ಇರುತ್ತದೆ. ನಾಲ್ಕು ಮೊಳ ದೂರ ನೋಡಿ ನಡೆಯುವವನಿಗೂ ಗಂಟೆಗೆ ನೂರು ಕಿಲೋಮೀಟರು ವೇಗದಲ್ಲಿ ಬರುವವನಿಗೂ ಒಂದೇ ನೆಲದಲ್ಲಿ ಪಾಲು ಕೊಡಲಾಗದು ಎಂಬುದು ಸರಿ. ಹಾಗಾದರೆ ಮೊದಲಿನವನ ಪಾಲಿಗೆ ಬೇರೆ ನೆಲ ಬೇಕಲ್ಲವೇ? ಎಂಟು ಸಾವಿರ ಕೋಟಿಯ ಲೆಕ್ಕದಲ್ಲಿ ಒಂದು ಕಾಲುಹಾದಿಯ ಬಾಬ್ತು ಹಿಡಿಸಲಿಲ್ಲವೆಂದರೆ ಕಷ್ಟ ಹಣದ್ದಲ್ಲ.

ತಪ್ಪನ್ನೆಲ್ಲ ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳುವುದು ಸುಲಭ. ಜೈನ ಸಮಾಜ ತಾನೇನು ಮಾಡಿತು? ದಶಪಥದ ಮೊದಲ ಫಲಾನುಭವಿಗಳಲ್ಲಿ ಅದೂ ಒಂದು. ಬೆಂಗಳೂರಿನಿಂದ ಬೆಳಿಗ್ಗೆ ಹೊರಟು ಗೊಮ್ಮಟಗಿರಿಯಲ್ಲಿ ಅಭಿಷೇಕ ನೋಡಿ ಸಂಜೆಗೆ ಮನೆ ಸೇರುವ ಅನುಕೂಲವನ್ನು ಅದು ಸಂತೋಷದಿಂದಲೇ ಒಪ್ಪಿಕೊಂಡಿದೆ. ಊರೂರಿನಲ್ಲಿ ಅಮೃತಶಿಲೆಯ ಹೊಸ ಜಿನಾಲಯಗಳು ಏಳುತ್ತಿವೆ, ಪಂಚಕಲ್ಯಾಣದ ಆಮಂತ್ರಣ ಪತ್ರಿಕೆಗಳು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಿವೆ. ಆ ವೆಚ್ಚದ ಒಂದು ಸಣ್ಣ ಪಾಲು ತಿಪ್ಪೂರಿನ ಗುಡ್ಡಕ್ಕೆ ಒಂದು ಮೆಟ್ಟಿಲಾಗಿ, ಕಂಬದಹಳ್ಳಿಗೆ ಶಾಸನಗಳ ಓದು ಕೊಡುವ ಒಂದು ಪುಸ್ತಿಕೆಯಾಗಿ ಬಂದಿದ್ದರೆ ಹೆದ್ದಾರಿ ಪ್ರಾಧಿಕಾರದ ಮುಂದೆ ನಿಂತು ಕೇಳುವ ದನಿಗೆ ಬಲವಿರುತ್ತಿತ್ತು. ತಾನೇ ಹೋಗದ ಕ್ಷೇತ್ರಕ್ಕೆ ಫಲಕ ಹಾಕಿರೆಂದು ಬೇರೆಯವರನ್ನು ಕೇಳುವಾಗ ನಾಲಿಗೆ ತಡವರಿಸುವುದು ಸಹಜ. ವಿಶ್ವವಿದ್ಯಾನಿಲಯಗಳ ಕನ್ನಡ, ಇತಿಹಾಸ ವಿಭಾಗಗಳಿಗೂ ಈ ಮಾತು ಸಲ್ಲುತ್ತದೆ. ರೈಸ್ ‘ಎಪಿಗ್ರಾಫಿಯಾ ಕರ್ನಾಟಿಕಾ’ವನ್ನು 1886ರಲ್ಲಿ ಆರಂಭಿಸಿದಾಗ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ. ಅವನ್ನು ದಾರಿವಾರು ಜೋಡಿಸಿ, ಹದಿನೇಳರಿಂದ ಹೊರಟ ಒಂದೊಂದು ಕವಲಿನ ಮೇಲೂ ಏನೇನು ದತ್ತಿ, ಯಾವ ನಿಸಿಧಿ, ಎಷ್ಟು ವೀರಗಲ್ಲು ಇದೆ ಎಂದು ನಕ್ಷೆಯಲ್ಲಿ ಗುರುತಿಸುವುದು ಒಬ್ಬ ಪಿಎಚ್.ಡಿ. ವಿದ್ಯಾರ್ಥಿಯ ಮೂರು ವರ್ಷದ ಕೆಲಸ. ಕವಿಕಾವ್ಯಗಳ ಮೇಲೆ ಹಳೆಯ ಪ್ರಬಂಧಗಳನ್ನೇ ಮತ್ತೆ ಮತ್ತೆ ಅಚ್ಚುಹಾಕಿಸುವುದಕ್ಕಿಂತ ಅದು ಕಷ್ಟದ್ದೇನಲ್ಲ.

ಕೇಳಬೇಕಾದುದು ದೊಡ್ಡದೇನೂ ಅಲ್ಲ. ಊರುಗಳೊಳಗೆ ಉಳಿದ ಹಳೆಯ ರಸ್ತೆಯ ತುಂಡುಗಳನ್ನೆಲ್ಲ ಒಂದೇ ಸಂಖ್ಯೆಯಡಿ, ಸಾಧ್ಯವಾದರೆ ಹದಿನೇಳೆಂದೇ, ರಾಜ್ಯದ ಲೋಕೋಪಯೋಗಿ ಇಲಾಖೆ ಮರಳಿ ದಾಖಲಿಸಿಕೊಳ್ಳಲಿ, ದುರಸ್ತಿಯ ಹೊಣೆ ಹೊರಲಿ. ಮದ್ದೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಇಳಿಯುವ ಬಾಗಿಲಿಗೆ ಮುನ್ನವೇ ಅರೆತಿಪ್ಪೂರು, ಕಂಬದಹಳ್ಳಿ, ಶ್ರವಣಬೆಳಗೊಳಗಳ ಹೆಸರು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡಕ್ಷರದಲ್ಲಿ ಕಾಣಲಿ. ಶ್ರೀರಂಗಪಟ್ಟಣದಲ್ಲಿ ಹೆದ್ದಾರಿಯನ್ನು ದಾಟಿ ಪಾಂಡವಪುರದ ದಾರಿ ಸೇರಲು, ಅಲ್ಲಿಂದ ಕಿಕ್ಕೇರಿಯವರೆಗೆ, ನಡೆಯುವವರಿಗೆಂದೇ ಮಣ್ಣಿನ ಹಾದಿಯೊಂದು ಮರದ ನೆರಳಿನಲ್ಲಿ ಇರಲಿ. ಅದರಲ್ಲಿ ಮುನಿಗಳಷ್ಟೇ ನಡೆಯುವುದಿಲ್ಲ. ಶಾಲೆಯ ಮಕ್ಕಳೂ ನಡೆಯುತ್ತಾರೆ, ಕಬ್ಬಿನ ಗದ್ದೆಗೆ ಹೋಗುವ ಹೆಂಗಸರೂ ನಡೆಯುತ್ತಾರೆ.

ಹಿಂದಿನ ಮಹಾಮಸ್ತಕಾಭಿಷೇಕ ನಡೆದದ್ದು 2018ರಲ್ಲಿ. ಹನ್ನೆರಡು ವರ್ಷಕ್ಕೊಮ್ಮೆ ಎಂಬ ವಾಡಿಕೆಯಂತೆ ಮುಂದಿನದು 2030ಕ್ಕೆ ಬೀಳುತ್ತದೆ. ಅದಕ್ಕಾಗಿ ದೂರದಿಂದ ಬರುವ ಸಂಘಗಳು ಒಂದು ವರ್ಷ ಮೊದಲೇ ಹೆಜ್ಜೆ ಇಡತೊಡಗುತ್ತವೆ. ಮಂಡ್ಯ ಜಿಲ್ಲೆಯ ಅಧಿಕಾರಿಗಳು ಆಗ ತುರ್ತುಸಭೆ ಕರೆದು, ಪೊಲೀಸ್ ಜೀಪಿನ ಬೆಂಗಾವಲಿನಲ್ಲಿ ಮುನಿಗಳನ್ನು ಸರ್ವಿಸ್ ರಸ್ತೆಯ ಲಾರಿಗಳ ನಡುವೆ ದಾಟಿಸಿ, ವ್ಯವಸ್ಥೆ ಸಮರ್ಪಕವಾಗಿತ್ತೆಂದು ಪ್ರಕಟಣೆ ಹೊರಡಿಸುವ ಬದಲು, ಹಾದಿಗೆ ಬೇಕಾದ ನೆಲವನ್ನು ಈ ವರ್ಷವೇ ಅಳತೆ ಮಾಡಿಸಬಹುದು.